ಪಾವತಿ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಹಾಕಿದ ಅನುಭವ

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ನಾನು ವರ್ಗವಾಗಿ ಹೋದ ಒಂದು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಿಂದಿನ ವರ್ಷದ ಜಮಾ-ಖರ್ಚಿನ ಒಂದೇ ಒಂದು ಹಾಳೆ ಇತ್ತು. ಕುಡಿಯುವ ನೀರಿಗೆ ಇಷ್ಟು, ಬೀದಿದೀಪಕ್ಕೆ ಇಷ್ಟು, ಸಿಬ್ಬಂದಿ ವೇತನಕ್ಕೆ ಇಷ್ಟು ಎಂಬ ಮೊತ್ತಗಳಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಯಾರಿಗೆ, ಯಾವ ದಿನ, ಯಾವ ಕೆಲಸಕ್ಕೆ ಹಣ ಹೋಯಿತೆಂಬುದು ಅದನ್ನು ಓದಿದವರಿಗೆ ತಿಳಿಯುವಂತಿರಲಿಲ್ಲ.

ಮಾಹಿತಿ ಹಕ್ಕು ಅಧಿನಿಯಮ 2005ರ 4(1)(ಬಿ) ಪ್ರಕರಣದಲ್ಲಿ ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕಾದ 17 ಅಂಶಗಳಿವೆ. ಹತ್ತನೆಯದು ಪ್ರತಿಯೊಬ್ಬ ಅಧಿಕಾರಿ, ನೌಕರರ ಮಾಸಿಕ ಸಂಬಳ. ಹನ್ನೊಂದನೆಯದು ಆಯವ್ಯಯ ಮತ್ತು ಹಣ ಬಟವಾಡೆಯ ವಿವರ. ಅದೇ ಪ್ರಕರಣ ಮಾಹಿತಿಯು ಸ್ಥಳೀಯ ಭಾಷೆಯಲ್ಲಿ, ಜನರಿಗೆ ಸುಲಭವಾಗಿ ಸಿಗುವಂತೆ ಇರಬೇಕೆಂದೂ ಹೇಳುತ್ತದೆ. ಆದ್ದರಿಂದ ನನಗೆ ಹೊಸ ಆದೇಶವೇನೂ ಬೇಕಿರಲಿಲ್ಲ. ಅಧ್ಯಕ್ಷರಿಗೆ ವಿಷಯ ತಿಳಿಸಿ, ಸಾಮಾನ್ಯ ಸಭೆಯ ಗಮನಕ್ಕೆ ತಂದು ಕೆಲಸ ಆರಂಭಿಸಿದೆ.

ಪ್ರತಿ ತಿಂಗಳು ನಗದು ಪುಸ್ತಕ ಮತ್ತು ಓಚರುಗಳನ್ನು ಮುಂದಿಟ್ಟುಕೊಂಡು ಒಂದು ಪಟ್ಟಿ ಮಾಡುತ್ತಿದ್ದೆವು. ಓಚರ್ ಸಂಖ್ಯೆ, ಪಾವತಿಯ ದಿನಾಂಕ, ಸರಬರಾಜುದಾರರ ಹೆಸರು, ಸಾಮಗ್ರಿ ಅಥವಾ ಕೆಲಸ, ಅದು ನಡೆದ ಊರು ಮತ್ತು ಜಾಗ, ಬಿಲ್ಲು ಬಂದ ದಿನ, ಯಾವ ಖಾತೆಯಿಂದ ಹಣ ಹೋಯಿತೆಂಬುದು ಅದರಲ್ಲಿರುತ್ತಿತ್ತು. ಜಾಗದ ಅಂಕಣಕ್ಕೆ ನಾನು ಹಟ ಹಿಡಿದಿದ್ದೆ. ಅದರ ಫಲ ಮೊದಲ ತಿಂಗಳಲ್ಲೇ ಕಂಡಿತು. ಬತ್ತಿಹೋದ ಕೊಳವೆಬಾವಿಯೊಂದರ ಮೋಟಾರ್ ರಿವೈಂಡಿಂಗ್‌ಗೆ ಹಣ ಪಾವತಿಯಾಗಿರುವುದನ್ನು ಗ್ರಾಮಸ್ಥರೊಬ್ಬರು ಪಟ್ಟಿಯಲ್ಲಿ ಓದಿ ನೇರವಾಗಿ ಕಚೇರಿಗೆ ಬಂದರು. ವಿಚಾರಿಸಿದಾಗ, ಆ ಮೋಟಾರನ್ನು ಬೇರೊಂದು ಕೊಳವೆಬಾವಿಗೆ ಇಳಿಸಿ, ಬಿಲ್ಲಿನಲ್ಲಿ ಮಾತ್ರ ಹಳೆಯ ಹೆಸರನ್ನೇ ಮುಂದುವರಿಸಿದ್ದು ತಿಳಿಯಿತು. ಹಣ ಪೋಲಾಗಿರಲಿಲ್ಲ, ದಾಖಲೆ ತಪ್ಪಾಗಿತ್ತು. ಆದರೂ ಒಟ್ಟು ಮೊತ್ತದ ಹಾಳೆಯಲ್ಲಿ ಆ ತಪ್ಪು ಎಂದಿಗೂ ಸಿಗುತ್ತಿರಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಸಿಬ್ಬಂದಿ ವೇತನದ ಪಟ್ಟಿಯನ್ನು ಹಾಕುವುದು ಹೆಚ್ಚು ಸೂಕ್ಷ್ಮವಾಗಿತ್ತು. ಸಂಬಳ ಎಲ್ಲರಿಗೂ ತಿಳಿದರೆ ಸಾಲ ಕೇಳುವವರು ಮನೆಗೆ ಬರುತ್ತಾರೆಂದು ಕರ ವಸೂಲಿಗಾರರು ಅಳುಕಿದರು. ಹಾಗಾಗಿ ನನ್ನ ಸಂಬಳವನ್ನೇ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದೆ. ಒಟ್ಟು ವೇತನವನ್ನಷ್ಟೇ ತೋರಿಸಿ, ಸಾಲದ ಕಡಿತ, ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಸಂಪೂರ್ಣವಾಗಿ ಬಿಟ್ಟೆವು. ಅವು ಖಾಸಗಿ ವಿಷಯಗಳು. ಇದರ ಜೊತೆಗೆ ‘ಯಾವ ತಿಂಗಳ ವೇತನ’ ಎಂಬ ಅಂಕಣವನ್ನೂ ಸೇರಿಸಿದೆವು.

ಈ ಅಂಕಣವೇ ಎಲ್ಲರ ಕಣ್ಣು ತೆರೆಸಿತು. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಹಾಕಿದಾಗ, ಪೈಪು, ಬಲ್ಬುಗಳ ಬಿಲ್ಲುಗಳಿಗೆ ಕೆಲವೇ ದಿನಗಳಲ್ಲಿ ಹಣ ಸಂದಾಯವಾಗಿದ್ದು, ನೀರುಗಂಟಿಗಳು ಮತ್ತು ಸ್ವಚ್ಛತಾಗಾರರು ಮಾತ್ರ ಕಳೆದ ತಿಂಗಳುಗಳ ವೇತನಕ್ಕೆ ಕಾಯುತ್ತಿರುವುದು ಸ್ಪಷ್ಟವಾಗಿ ಕಂಡಿತು. ಇದರಲ್ಲಿ ಒಂದು ಭಾಗಕ್ಕೆ ನ್ಯಾಯವಾದ ಕಾರಣವಿತ್ತು. ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನವನ್ನು ವೇತನಕ್ಕೆ ಬಳಸುವಂತಿರಲಿಲ್ಲ, ಅದರಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಅನುದಾನದಿಂದ ಪಾವತಿಯಾದ ಬಿಲ್ಲುಗಳನ್ನು ತೋರಿಸಿ ವೇತನವೇಕೆ ಬಾಕಿ ಎಂದು ಕೇಳುವುದು ಸರಿಯಲ್ಲ. ಖಾತೆಯ ಅಂಕಣವಿದ್ದುದರಿಂದ ಅದನ್ನು ಜನರಿಗೆ ತಿಳಿಸಿ ಹೇಳಲು ಸಾಧ್ಯವಾಯಿತು. ಆದರೆ ಮನೆ ಕಂದಾಯ ಮತ್ತು ನೀರಿನ ಕರ ಜಮೆಯಾಗುವ ಪಂಚಾಯಿತಿಯ ಸ್ವಂತ ಖಾತೆಯಿಂದಲೂ ಸರಬರಾಜುದಾರರ ಬಿಲ್ಲುಗಳು ವೇತನಕ್ಕಿಂತ ಮೊದಲು ಪಾವತಿಯಾಗಿದ್ದವು. ಇದಕ್ಕೆ ಯಾವ ನಿಯಮದ ಅಡ್ಡಿಯೂ ಕಾರಣವಾಗಿರಲಿಲ್ಲ. ಸರಬರಾಜುದಾರರು ಕಚೇರಿಗೆ ಬಂದು ಕೇಳುತ್ತಿದ್ದರು, ನೀರುಗಂಟಿಗಳು ಕೇಳುತ್ತಿರಲಿಲ್ಲ, ಅಷ್ಟೇ.

ಪಂಚಾಯಿತಿಯ ಲೆಕ್ಕಗಳನ್ನು ಗ್ರಾಮಸ್ಥರ ಮುಂದೆ ಪರಿಶೀಲಿಸುವ ಆ ವರ್ಷದ ಜಮಾಬಂದಿಯಲ್ಲಿ ಈ ವಿಷಯ ದೀರ್ಘವಾಗಿ ಚರ್ಚೆಯಾಯಿತು. ಸ್ವಂತ ಖಾತೆಯಿಂದ ಆ ತಿಂಗಳ ವೇತನ ಸಂದಾಯವಾದ ನಂತರವೇ ತುರ್ತಲ್ಲದ ಬಿಲ್ಲುಗಳನ್ನು ಪಾವತಿಸಬೇಕೆಂದು ಮುಂದಿನ ಸಾಮಾನ್ಯ ಸಭೆ ನಿರ್ಣಯಿಸಿತು. ಮೊದಲು ಅಳುಕಿದ್ದ ಕರ ವಸೂಲಿಗಾರರೇ ಆಮೇಲೆ ಪಟ್ಟಿಯ ಪ್ರತಿಯನ್ನು ಮನೆ ಮನೆಗೆ ಒಯ್ದು, ಕಂದಾಯದ ಹಣ ಎಲ್ಲಿಗೆ ಹೋಗುತ್ತದೆಂದು ತೋರಿಸತೊಡಗಿದರು.

ಕೊಟ್ಟ ಹಣದ ಪಟ್ಟಿಯಂತೆಯೇ ಕೊಡಬೇಕಾದ ಹಣದ ಪಟ್ಟಿಯನ್ನೂ ಪ್ರಕಟಿಸುವುದು ಅಲ್ಲಿ ನನ್ನಿಂದ ಆಗದೆ ಉಳಿಯಿತು, ಅಷ್ಟರಲ್ಲಿ ವರ್ಗಾವಣೆಯಾಯಿತು. ಈಗಿರುವ ಪಂಚಾಯಿತಿಯಲ್ಲಿ ಬಾಕಿ ಬಿಲ್ಲು ಮತ್ತು ಬಾಕಿ ವೇತನದ ಪಟ್ಟಿಯಿಂದಲೇ ಆರಂಭಿಸಿದ್ದೇನೆ.