ವಾಚ್‌ಕೀಪಿಂಗ್ ಟಿಕೆಟ್‌ನಿಂದ ಹಡಗಿನ ಕಮಾಂಡ್‌ವರೆಗೆ: ನನ್ನ ಅನುಭವ

ನೇವಿಲಿ ದೊಡ್ಡ ಆಫೀಸರ್ ಆಗೋದು ಹೇಗೆ ಅಂತ ಪಿಯುಸಿ ಮಕ್ಕಳು ಕೇಳ್ತಾನೇ ಇರ್ತಾರೆ, 2022ರಿಂದ ಎನ್‌ಡಿಎಗೆ (ಸೇನೆಯ ಆಫೀಸರ್‌ಗಳನ್ನ ತಯಾರು ಮಾಡೋ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಹೆಣ್ಮಕ್ಕಳನ್ನೂ ತಗೊಳ್ತಿರೋದ್ರಿಂದ ಈಗ ಅವರೂ ಕೇಳ್ತಾರೆ, ಬಹಳ ಖುಷಿ. ಆದ್ರೆ ಎಲ್ರಿಗೂ ಎಸ್‌ಎಸ್‌ಬಿ, ಅಂದ್ರೆ ಆಫೀಸರ್‌ಗಳನ್ನ ಆರಿಸೋ ಬೋರ್ಡ್‌ನ ಇಂಟರ್‌ವ್ಯೂದೇ ಚಿಂತೆ. ನಾನು ಪುಣೆ ಹತ್ರ ಖಡಕ್‌ವಾಸ್ಲಾದಲ್ಲಿರೋ ಎನ್‌ಡಿಎಲಿ ಮೂರು ವರ್ಷ ಮುಗಿಸಿ ಕೊಚ್ಚಿಲಿ ಐಎನ್‌ಎಸ್ ತೀರ್ ಅನ್ನೋ ಟ್ರೈನಿಂಗ್ ಹಡಗು ಹತ್ತಿದವನು, ಕ್ಯಾಪ್ಟನ್‌ಗಿಂತ ಒಂದು ಮೆಟ್ಟಿಲು ಮೇಲಿನ ಕಮೊಡೋರ್ ಆಗಿ ರಿಟೈರ್ ಆದೆ. ನನ್ನನ್ನ ನಿಜವಾಗ್ಲೂ ಆಫೀಸರ್ ಮಾಡಿದ್ದು ಬ್ರಿಡ್ಜ್ ಮೇಲಿನ ರಾತ್ರಿ 12ರಿಂದ 4ರ ವಾಚು, ಅಂದ್ರೆ ಕಾವಲು ಪಾಳಿ.

ಬ್ರಿಡ್ಜ್ ಅಂದ್ರೆ ಹಡಗು ನಡೆಸೋ ಜಾಗ. ಕ್ಯಾಪ್ಟನ್ ಮಲಗಿದ್ದಾಗ ಅಲ್ಲಿ ನಿಂತಿರೋ ಆಫೀಸರ್ ಆಫ್ ದಿ ವಾಚ್ ಕೈಲೇ ಇಡೀ ಹಡಗು. ಒಬ್ರೇ ವಾಚ್ ಮಾಡ್ಬೇಕು ಅಂದ್ರೆ ವಾಚ್‌ಕೀಪಿಂಗ್ ಸರ್ಟಿಫಿಕೇಟ್ ಬೇಕು, ನಾವು ಟಿಕೆಟ್ ಅಂತೀವಿ.

ಟಿಕೆಟ್ ಸಿಕ್ಕ ಹೊಸದ್ರಲ್ಲಿ ಮಲ್ಪೆ ಆಚೆ ಹೋಗ್ತಿದ್ವಿ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳೆಲ್ಲ ಒಟ್ಟಿಗೆ ಕಡಲಿಗೆ ಇಳಿದಿದ್ವು, ಮಳೆ ಬೇರೆ, ರಾಡಾರ್ ತುಂಬ ಚುಕ್ಕೆ. ಟ್ರಾಲರ್ ಆದ್ರೆ ಮೇಲೆ ಹಸಿರು ಕೆಳಗೆ ಬಿಳಿ, ಬೇರೆ ಮೀನುಗಾರಿಕೆ ಬೋಟಾದ್ರೆ ಮೇಲೆ ಕೆಂಪು ಕೆಳಗೆ ಬಿಳಿ ದೀಪ ಹಾಕ್ಬೇಕು ಅಂತ ಅಂತರರಾಷ್ಟ್ರೀಯ ರೂಲ್ ಇದೆ, ನಂಗೆ ಕಂಡಿದ್ದು ಬಲಗಡೆ ಒಂದೇ ಒಂದು ಬಲ್ಬು. ಕಂಪಾಸ್‌ನಲ್ಲಿ ಬೇರಿಂಗ್, ಅಂದ್ರೆ ಅದು ಯಾವ ದಿಕ್ಕಲ್ಲಿದೆ ಅನ್ನೋ ಅಳತೆ ತಗೊಂಡೆ, ಸ್ವಲ್ಪ ಬಿಟ್ಟು ಮತ್ತೆ ತಗೊಂಡೆ, ಅದೇ. ಬೇರಿಂಗ್ ಬದಲಾಗ್ತಿಲ್ಲ ಆದ್ರೆ ದೂರ ಕಮ್ಮಿ ಆಗ್ತಿದೆ ಅಂದ್ರೆ ಹೀಗೇ ಹೋದ್ರೆ ಡಿಕ್ಕಿ ಗ್ಯಾರಂಟಿ. ಕ್ಯಾಪ್ಟನ್‌ಗೆ ಫೋನ್ ಮಾಡಿ ಹೇಳಿ, ಹಡಗನ್ನ ಸ್ಟಾರ್‌ಬೋರ್ಡ್‌ಗೆ, ಅಂದ್ರೆ ಬಲಕ್ಕೆ ತಿರುಗಿಸಿ ಬೋಟಿನ ಹಿಂದಿನಿಂದ ಹಾದೆ. ಸರ್ ಮೇಲೆ ಬಂದ್ರು, ಸುತ್ತ ನೋಡಿದ್ರು, ಹಡಗನ್ನ ತಮ್ಮ ಕೈಗೆ ತಗೊಳ್ಳಲೇ ಇಲ್ಲ, ಕುರ್ಚಿಲಿ ಕೂತು ಇಬ್ರಿಗೂ ಟೀ ತರಿಸಿದ್ರು. ಅವತ್ತು ಅವರಿಟ್ಟ ನಂಬಿಕೆನ ಇವತ್ತಿಗೂ ಮರ್ತಿಲ್ಲ.

ಆಮೇಲಿಂದು ಕೊಚ್ಚಿಲಿ ನ್ಯಾವಿಗೇಷನ್ ಕೋರ್ಸು, ತಮಿಳುನಾಡಿನ ವೆಲಿಂಗ್ಟನ್‌ನಲ್ಲಿ ಸೇನಾ ಆಫೀಸರ್‌ಗಳ ಸ್ಟಾಫ್ ಕಾಲೇಜು, ನಡುನಡುವೆ ಡೆಲ್ಲಿಲಿ ಫೈಲು. ಕ್ಯಾಪ್ಟನ್ ರ‍್ಯಾಂಕ್ ಅಂದ್ರೆ ಆರ್ಮಿಯ ಕರ್ನಲ್‌ಗೆ ಸಮ, ಅಲ್ಲಿಗೆ ಹೋಗೋಕೂ ಅಲ್ಲಿಂದ ಮೇಲೆ ಹೋಗೋಕೂ ಸೆಲೆಕ್ಷನ್ ಬೋರ್ಡ್ ದಾಟ್ಬೇಕು, ಹಡಗಿನ ಕಮಾಂಡ್ ಹೇಗೆ ಮಾಡಿದ್ರಿ ಅನ್ನೋದು ಅಲ್ಲಿ ತುಂಬಾ ಲೆಕ್ಕಕ್ಕೆ ಬರುತ್ತೆ.

ನಂಗೆ ಕಮಾಂಡ್ ಸಿಕ್ಕಾಗ ತಲೇಲಿ ಇದ್ದಿದ್ದು ನಮ್ಮ ನೇವಿಯ ಯುದ್ಧನೌಕೆ ಐಎನ್‌ಎಸ್ ಖುಕ್ರಿ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ರ ಪಾಕಿಸ್ತಾನದ ಸಬ್‌ಮರೀನ್ ಹಂಗೋರ್ ಟಾರ್ಪಿಡೋ ಹೊಡೆದು ಕೆಲವೇ ನಿಮಿಷದಲ್ಲಿ ಮುಳುಗಿಸ್ತು, 18 ಆಫೀಸರ್ಸ್, 176 ಸೈಲರ್ಸ್ ಹೋದ್ರು, ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅಷ್ಟು ಬೇಗ ಮುಳುಗುವಾಗ ಕೆಳಗಿನ ಡೆಕ್‌ನಲ್ಲಿ ಮಲಗಿರೋರಿಗೆ ದಾರಿ ಹುಡುಕೋಕೆ ಟೈಮ್ ಎಲ್ಲಿರುತ್ತೆ? ಅದಕ್ಕೇ ನನ್ನ ಹಡಗಲ್ಲಿ ರಾತ್ರಿ ಲೈಟ್ ಆಫ್ ಮಾಡಿಸಿ ಡ್ರಿಲ್ ಮಾಡಿಸ್ತಿದ್ದೆ, ಅಡುಗೆಯವರಿಂದ ಹಿಡಿದು ಎಲ್ರೂ ಗೋಡೆ ಮುಟ್ಕೊಂಡು, ಏಣಿ ಹತ್ತಿ, ಹ್ಯಾಚ್ (ಡೆಕ್‌ನ ಮುಚ್ಚಳದ ಬಾಗಿಲು) ತೆಗೆದು ಮೇಲೆ ಬರ್ಬೇಕು. ನಿದ್ದೆಗೆಟ್ಟು ಗೊಣಗ್ತಿದ್ರು, ಗೊಣಗ್ಲಿ ಅಂತ ಬಿಡ್ತಿದ್ದೆ.

ಮನೆ ಕಥೆ ಹೇಳ್ಲೇಬೇಕು. ಊರೂರು ಸುತ್ತೋವಾಗ ಸಾಮಾನು ಕಟ್ಟೋದು, ಸ್ಕೂಲ್ ಅಡ್ಮಿಷನ್ನು, ಮಕ್ಕಳ ಜ್ವರ ಎಲ್ಲ ನೋಡ್ಕೊಂಡಿದ್ದು ನನ್ನ ಹೆಂಡ್ತಿ, ನಾನು ಸಮುದ್ರದಲ್ಲಿರ್ತಿದ್ದೆ. ಕಾರವಾರದಲ್ಲಿ 2005ರಲ್ಲಿ ಐಎನ್‌ಎಸ್ ಕದಂಬ ಅನ್ನೋ ನೌಕಾನೆಲೆ ಶುರುವಾದ ಮೇಲೆ ಅಲ್ಲಿಗೆ ಪೋಸ್ಟಿಂಗ್ ಸಿಕ್ತು, ಮಗಳಿಗೆ ಮೊದಲ ಸಲ ಕನ್ನಡ ಮಾತಾಡೋ ಫ್ರೆಂಡ್ಸ್ ಸಿಕ್ಕಿದ್ರು, ಹೆಂಡ್ತಿ ಸಂತೇಲಿ ಚೌಕಾಸಿನೂ ಕನ್ನಡದಲ್ಲೇ ಮಾಡ್ತಿದ್ಲು, ಇನ್ನೇನು ಎಲ್ಲ ಸೆಟ್ ಆಯ್ತು ಅನ್ನೋವಾಗ ವೈಜಾಗ್‌ಗೆ ಟ್ರಾನ್ಸ್‌ಫರ್ ಬಂತು.