ಎಚ್. ಜಿ. ವೆಲ್ಸ್ ಓದೋದು ಎಲ್ಲಿಂದ ಶುರು ಮಾಡಬೇಕು, ಏನೇನು ಬಿಡಬೇಕು

ವೆಲ್ಸ್ ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಮಂಗಳ ಗ್ರಹದವರ ದಾಳಿ, ಕಣ್ಣಿಗೆ ಕಾಣದ ಮನುಷ್ಯ, ಅಷ್ಟೇ. ಆದರೆ 1866ರಿಂದ 1946ರವರೆಗೆ ಬದುಕಿದ್ದ ಈ ಇಂಗ್ಲಿಷ್ ಲೇಖಕರು ಇಡೀ ಪ್ರಪಂಚದ ಇತಿಹಾಸ ಬರೆದಿದ್ದಾರೆ, ಜೀವಶಾಸ್ತ್ರದ ಪಠ್ಯಪುಸ್ತಕ ಬರೆದಿದ್ದಾರೆ, ಒಬ್ಬ ಹೆಡ್‌ಮಾಸ್ಟರ್ ಜೀವನಚರಿತ್ರೆಯನ್ನೂ ಬರೆದಿದ್ದಾರೆ. ಪಟ್ಟಿ ನೋಡಿದರೇ ಸುಸ್ತಾಗುತ್ತದೆ. ಹಾಗಂತ ಪ್ರಕಟವಾದ ಕ್ರಮದಲ್ಲಿ ಓದಲು ಹೋಗಬೇಡಿ, ಅರ್ಧದಲ್ಲೇ ಕೈಬಿಡುತ್ತೀರಿ. ಒಂದೇ ಒಂದು ವಿಷಯ ತಲೆಯಲ್ಲಿರಲಿ: ಇವರು ಲೇಖಕರಾಗುವ ಮೊದಲು ಮೇಷ್ಟ್ರಾಗಿದ್ದವರು, ಕತೆ ಹೇಳುವಾಗಲೂ ಪಾಠ ಬಿಟ್ಟವರಲ್ಲ.

ಮೊದಲು 1895ರ ‘ದಿ ಟೈಮ್ ಮೆಷಿನ್’. ಚಿಕ್ಕ ಪುಸ್ತಕ, ಒಂದು ಭಾನುವಾರ ಸಾಕು. ಕಾಲಯಾನಿ 8,02,701ನೇ ಇಸವಿಗೆ ಹೋಗುತ್ತಾನೆ. ಅಲ್ಲಿ ಮೇಲೆ ಬಿಸಿಲಲ್ಲಿ ಹಣ್ಣು ತಿಂದುಕೊಂಡು ಆಡಿಕೊಂಡಿರುವ ಎಲೊಯ್‌ಗಳು, ನೆಲದಡಿ ಕತ್ತಲಲ್ಲಿ ಯಂತ್ರ ನಡೆಸುವ ಮಾರ್ಲಾಕ್‌ಗಳು. ರಾತ್ರಿಯಾದರೆ ಕೆಳಗಿನವರು ಬಂದು ಮೇಲಿನವರನ್ನು ಹಿಡಿದು ತಿನ್ನುತ್ತಾರೆ. ಇದನ್ನು ಸುಮ್ನೆ ಭಯದ ಕತೆ ಅಂತ ಓದಿದರೆ ಅರ್ಧ ಸಿಕ್ಕ ಹಾಗೆ. ವೆಲ್ಸ್ ತಾಯಿ ಅಪ್‌ಪಾರ್ಕ್ ಅನ್ನುವ ದೊಡ್ಡ ಬಂಗಲೆಯಲ್ಲಿ ಆಳುಕಾಳುಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಅಲ್ಲಿ ಆಳುಗಳು ಓಡಾಡಲು ನೆಲದಡಿ ಸುರಂಗಗಳಿದ್ದವು. ಮಾರ್ಲಾಕ್‌ಗಳು ಹುಟ್ಟಿದ್ದೇ ಅಲ್ಲಿ ಅಂತ ಹಲವರ ಊಹೆ, ನನಗೂ ಹಾಗೇ ಅನಿಸುತ್ತದೆ.

ಪಾಳುಬಿದ್ದ ಮ್ಯೂಸಿಯಂ ಬರುವ ಅಧ್ಯಾಯದಲ್ಲಿ ಮಾತ್ರ ನಿಧಾನಿಸಿ. ಅಲ್ಲಿನ ಪುಸ್ತಕಗಳೆಲ್ಲ ಕೊಳೆತು ಕಂದು ಚಿಂದಿಗಳಾಗಿ ನೇತಾಡುತ್ತಿರುತ್ತವೆ. ಲಕ್ಷಾಂತರ ವರ್ಷಗಳ ಜ್ಞಾನದಲ್ಲಿ ಕಾಲಯಾನಿಯ ಉಪಯೋಗಕ್ಕೆ ಬರುವುದು ಒಂದು ಬೆಂಕಿಪೊಟ್ಟಣ, ಒಂದಿಷ್ಟು ಕರ್ಪೂರ. ಹೌದು, ನಾವು ಮಂಗಳಾರತಿಗೆ ಹಚ್ಚುವ ಕರ್ಪೂರವೇ!

ಆ ಚಿಂದಿ ಕಣ್ಣ ಮುಂದೆ ಇರುವಾಗಲೇ ಇತಿಹಾಸಕ್ಕೆ ಬನ್ನಿ. ಮೊದಲ ಮಹಾಯುದ್ಧ ಮುಗಿದ ಮೇಲೆ, ಒಂದೊಂದು ದೇಶದ ಮಕ್ಕಳೂ ತಮ್ಮ ದೇಶದ ಹಿರಿಮೆ ಮಾತ್ರ ಕಲಿತರೆ ಮತ್ತೆ ಯುದ್ಧವೇ ಗತಿ ಅಂತ ವೆಲ್ಸ್‌ಗೆ ಅನಿಸಿತು. 1919–20ರಲ್ಲಿ ಹದಿನೈದು ದಿನಕ್ಕೊಂದು ಕಂತಿನಂತೆ ‘ದಿ ಔಟ್‌ಲೈನ್ ಆಫ್ ಹಿಸ್ಟರಿ’ ಬಂತು. ನೆಹರೂ ಜೈಲಿನಿಂದ ಮಗಳಿಗೆ ಪ್ರಪಂಚದ ಚರಿತ್ರೆ ಬರೆಯುವಾಗ ನೆಚ್ಚಿಕೊಂಡ ಪುಸ್ತಕಗಳಲ್ಲಿ ಇದೂ ಒಂದು. ಆದರೆ ಇದು ದಪ್ಪ ಪುಸ್ತಕ, ಶುರುವಿಗೆ ಬೇಡ. 1922ರ ‘ಎ ಶಾರ್ಟ್ ಹಿಸ್ಟರಿ ಆಫ್ ದಿ ವರ್ಲ್ಡ್’ ತಗೊಳ್ಳಿ, ಅಧ್ಯಾಯಗಳು ಪುಟ್ಟಪುಟ್ಟವು.

ಅದರಲ್ಲಿ ಬುದ್ಧ ಮತ್ತು ಅಶೋಕನ ಅಧ್ಯಾಯಗಳನ್ನೇ ಮೊದಲು ಓದಿ. ಯುದ್ಧ ಗೆದ್ದ ಮೇಲೆ ಯುದ್ಧ ಬಿಟ್ಟ ರಾಜ ಅಂತ ವೆಲ್ಸ್‌ಗೆ ಅಶೋಕನ ಮೇಲೆ ವಿಪರೀತ ಪ್ರೀತಿ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ‘ಅಶೋಕ’ ಅನ್ನುವ ಹೆಸರಿರುವ ಶಾಸನ ಸಿಕ್ಕಿದ್ದು 1915ರಲ್ಲಿ. ಅಲ್ಲಿಯವರೆಗೆ ಸಿಕ್ಕಿದ್ದ ಬಂಡೆ ಶಾಸನಗಳಲ್ಲಿ ಇದ್ದದ್ದು ಬರೀ ಬಿರುದು. ಅದಾಗಿ ನಾಲ್ಕೈದು ವರ್ಷಕ್ಕೇ ಇಂಗ್ಲೆಂಡಿನಲ್ಲಿ ಕೂತ ಕಾದಂಬರಿಕಾರರೊಬ್ಬರು ಅಶೋಕನನ್ನು ಪ್ರಪಂಚದ ರಾಜರಲ್ಲೆಲ್ಲ ಮೇಲಿಟ್ಟರು ಅಂತ ನೆನೆದು ಓದಿದರೆ ರುಚಿ ಜಾಸ್ತಿ.

ಇದನ್ನು ಪರೀಕ್ಷೆಗೆ ಓದುವ ಪುಸ್ತಕ ಅಂದುಕೊಳ್ಳಬೇಡಿ. ಆದಿಮಾನವರ ಅಧ್ಯಾಯದಲ್ಲಿ ಪಿಲ್ಟ್‌ಡೌನ್ ತಲೆಬುರುಡೆ ಬರುತ್ತದೆ, ಇಂಗ್ಲೆಂಡಿನಲ್ಲಿ ಸಿಕ್ಕ ಆದಿಮಾನವನ ಬುರುಡೆ ಅಂತ ಆಗ ನಂಬಿದ್ದರು. ಅದು ಶುದ್ಧ ಮೋಸ ಅಂತ ಬಯಲಾಗಿದ್ದು 1953ರಲ್ಲಿ, ವೆಲ್ಸ್ ತೀರಿಕೊಂಡು ಏಳು ವರ್ಷ ಆದ ಮೇಲೆ.

ಶಿಕ್ಷಣದ ಪುಸ್ತಕಗಳಲ್ಲಿ 1924ರ ‘ದಿ ಸ್ಟೋರಿ ಆಫ್ ಎ ಗ್ರೇಟ್ ಸ್ಕೂಲ್‌ಮಾಸ್ಟರ್’ ಒಂದೇ ಸಾಕು. ಇಂಗ್ಲೆಂಡಿನ ಔಂಡಲ್ ಶಾಲೆಯ ಹೆಡ್‌ಮಾಸ್ಟರ್ ಸ್ಯಾಂಡರ್ಸನ್ ಕತೆ ಇದು. ವೆಲ್ಸ್ ಮಕ್ಕಳು ಓದಿದ್ದೂ ಅಲ್ಲೇ. ಹುಡುಗರು ಬೆಂಚಿನ ಮೇಲೆ ಕೂತು ಒಬ್ಬರನ್ನೊಬ್ಬರು ಹಿಂದೆ ಹಾಕುವುದು ಬಿಟ್ಟು ವರ್ಕ್‌ಶಾಪ್, ಲ್ಯಾಬ್‌ನಲ್ಲಿ ಒಟ್ಟಿಗೆ ಕೆಲಸ ಮಾಡಬೇಕು ಅನ್ನೋದು ಸ್ಯಾಂಡರ್ಸನ್ ಹಟ. 1922ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಮುಗಿಸಿದ ಸ್ಯಾಂಡರ್ಸನ್ ಅಲ್ಲೇ ಕುಸಿದು ತೀರಿಕೊಂಡರು. ಆ ಸಭೆಗೆ ಅಧ್ಯಕ್ಷರು ವೆಲ್ಸ್ ಅವರೇ. ಅಂದಿನ ಸಭೆಯ ಪುಟಗಳನ್ನು ಬಿಡಲೇಬೇಡಿ. ಶಿಕ್ಷಣದ ಮೇಲೇ ವೆಲ್ಸ್ ಬರೆದ ಕಾದಂಬರಿ ‘ಜೋನ್ ಅಂಡ್ ಪೀಟರ್’ ಬಗ್ಗೆ ಯಾರಾದರೂ ಹೇಳಿದರೆ ತಲೆಯಾಡಿಸಿ ಮುಂದೆ ಹೋಗಿ, ತೀರಾ ಉದ್ದ.

ಈಗ ಮತ್ತೆ ಕತೆಗಳಿಗೆ ಬರಬಹುದು. 1904ರ ‘ದಿ ಕಂಟ್ರಿ ಆಫ್ ದಿ ಬ್ಲೈಂಡ್’ ಸಣ್ಣಕತೆ, ಇವರದ್ದರಲ್ಲೆಲ್ಲ ನನಗೆ ಬಹಳ ಇಷ್ಟ. 1914ರ ‘ದಿ ವರ್ಲ್ಡ್ ಸೆಟ್ ಫ್ರೀ’ಯಲ್ಲಿ ಅಣುಬಾಂಬು ಅನ್ನುವ ಹೆಸರೇ ಬರುತ್ತದೆ. ವಿಜ್ಞಾನಿ ಲಿಯೋ ಸಿಲಾರ್ಡ್ ಅದನ್ನು 1932ರಲ್ಲಿ ಓದಿದರು, ಮರುವರ್ಷವೇ ಅವರಿಗೆ ಅಣುಬಾಂಬಿಗೆ ಆಧಾರವಾದ ಸರಪಳಿ ಕ್ರಿಯೆಯ ಯೋಚನೆ ಹೊಳೆಯಿತು. ಕಾದಂಬರಿಯಾಗಿ ಮಾತ್ರ ಸಪ್ಪೆ, ಬಾಂಬಿನ ಭಾಗ ಓದಿ ಮುಚ್ಚಿಡಿ. ಮುಂದಿನ ಕಾಲ ಹೇಗಿರುತ್ತದೆ ಅಂತ ಊಹಿಸಿ ಬರೆದ 1901ರ ‘ಆಂಟಿಸಿಪೇಶನ್ಸ್’ ಕೊನೆಯಲ್ಲಿ ಕಪ್ಪು, ಕಂದು ಜನರ ಬಗ್ಗೆ ಬರೆದಿರುವ ಮಾತುಗಳು ಮೈ ಉರಿಸುತ್ತವೆ. ಅಶೋಕನನ್ನು ಹೊಗಳಿದವರೇ ಇವರು ಅಂತ ಗೊತ್ತಿದ್ದು ಓದುವುದು ಒಳ್ಳೇದು, ಅಲ್ವಾ?

ದುಡ್ಡು ಖರ್ಚು ಮಾಡಬೇಕಿಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ವೆಲ್ಸ್‌ದು 2006ಕ್ಕೇ ಮುಗಿದಿದೆ. ಮುಖ್ಯವಾದವು ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟಿನಲ್ಲಿ ಸಿಗುತ್ತವೆ, ಬಸ್ಸಿನಲ್ಲಿ ಕೇಳಲು ಪುಸ್ತಕ ಓದಿ ಕೇಳಿಸುವ ಲಿಬ್ರಿವಾಕ್ಸ್ ಇದೆ. ಅಂಗಡಿಯಲ್ಲೇ ಕೊಳ್ಳುವುದಾದರೆ ಮಕ್ಕಳಿಗೆಂದು ಮೊಟಕು ಮಾಡಿದ ಪ್ರತಿ ಅಲ್ಲ ತಾನೇ ಅಂತ ತಿರುವಿ ನೋಡಿ ತಗೊಳ್ಳಿ.