ಸಾಫ್ಟ್‌ವೇರ್ ಚಂದಾ: ಕೆಲಸಕ್ಕೊಂದು ಗುಂಪು ಮಾಡಿ

ತೋಟದ ಗೋಡೌನಿನ ಕೀ ಯಾರ ಹತ್ತಿರ ಇರುತ್ತದೆ? ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ. ಹಳಬರು ಬಿಟ್ಟು ಹೊಸ ರೈಟರು ಬಂದರೆ ಕೀ ಅವರ ಕೈಗೆ ಬರುತ್ತದೆ. ಹೋಗುವವರು ಕೀಗೊಂಚಲು ಜೇಬಿಗೆ ಹಾಕಿಕೊಂಡು ಬಸ್ ಹತ್ತಲು ಯಾರೂ ಬಿಡುವುದಿಲ್ಲ. ಅದೇ ಮಾಲೀಕರ ಪೇಟೆಯ ಕಚೇರಿಗೆ ಬನ್ನಿ. ಕಂಪ್ಯೂಟರಿನ ಕೀಗಳ, ಅಂದರೆ ಸಾಫ್ಟ್‌ವೇರ್ ಖಾತೆ, ಚಂದಾಗಳ ವಿಷಯದಲ್ಲಿ ಈ ಎಚ್ಚರ ಇರುವುದಿಲ್ಲ.

ಚಿಕ್ಕಮಗಳೂರಿನ ಒಂದು ಕಾಫಿ ವ್ಯಾಪಾರದ ಕಚೇರಿಯಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಪುಡಿ ಪ್ಯಾಕೆಟ್‌ನ ಲೇಬಲ್ ಮಾಡುತ್ತಿದ್ದ ಹುಡುಗ ಒಂದು ಮಾರ್ಚ್‌ನಲ್ಲಿ ಬೆಂಗಳೂರಿಗೆ ಹೋದ. ಅವನ ಹೆಸರಿನಲ್ಲಿದ್ದ ಡಿಸೈನ್ ಸಾಫ್ಟ್‌ವೇರ್‌ಗೆ ಅಕ್ಟೋಬರ್‌ವರೆಗೂ ದುಡ್ಡು ಕಟ್ಟಿದೆವು. ಲೇಬಲ್ ಫೈಲುಗಳೆಲ್ಲ ಅವನ ಸ್ವಂತ ಜಿಮೇಲ್‌ನ ಖಾತೆಯಲ್ಲೇ ಇದ್ದವು. ಫೋನ್ ಮಾಡಿ ಕೇಳಿ ತರಿಸಿಕೊಂಡಿದ್ದಾಯಿತು. ತಪ್ಪು ಅವನದ್ದಲ್ಲ, ಕೊಟ್ಟ ನಮ್ಮದು. ಆಮೇಲೆ ನಾವು ಎಲ್ಲ ಚಂದಾಗಳನ್ನೂ ಗುಂಪುಗಳಿಗೆ ಬದಲಾಯಿಸಿದೆವು. ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ಪಟ್ಟಿ ಬೇಕು. ಯಾವ ಸಾಫ್ಟ್‌ವೇರ್, ಎಷ್ಟು ಸೀಟು (ಎಷ್ಟು ಜನರ ಬಳಕೆಗೆ ದುಡ್ಡು ಕಟ್ಟುತ್ತೇವೆ), ಯಾರ ಇಮೇಲ್‌ನಲ್ಲಿದೆ, ಯಾವ ಕಾರ್ಡಿನಿಂದ ದುಡ್ಡು ಹೋಗುತ್ತದೆ, ಯಾವತ್ತು ನವೀಕರಣ. ಸಿಬ್ಬಂದಿಯನ್ನು ಕೇಳಿ ಬರೆದರೆ ಸಾಲದು. ಬ್ಯಾಂಕಿನ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ಕೂತು ನೋಡಿ. ಎಲ್ಲರೂ ಮರೆತುಬಿಟ್ಟ ಚಂದಾ ಅಲ್ಲೇ ಸಿಗುವುದು. ಸ್ವಂತ ಜಿಮೇಲ್‌ನಲ್ಲಿ ಇರುವುದನ್ನೆಲ್ಲ ಕಚೇರಿಯ ಇಮೇಲ್‌ಗೆ ತನ್ನಿ. ಇದಾಗದೆ ಮುಂದಿನ ಹೆಜ್ಜೆ ಇಡಬೇಡಿ.

ಆಮೇಲೆ ಗುಂಪುಗಳು. ಜನರ ಹೆಸರು ಮರೆತು ಕೆಲಸಗಳನ್ನು ಬರೆಯಿರಿ. ನಮ್ಮಲ್ಲಿ ನಾಲ್ಕು ಗುಂಪು ಆದವು: ಲೆಕ್ಕಪತ್ರ, ಡಿಸೈನ್, ರೈಟರು, ಸೀಸನ್. ಯಾವ ಗುಂಪಿಗೆ ಯಾವ ಸಾಫ್ಟ್‌ವೇರ್ ಬೇಕು ಅಂತ ಎದುರಿಗೆ ಬರೆಯಿರಿ. ರೈಟರಿಗೆ ಇಮೇಲ್ ಮತ್ತು ಎಕ್ಸೆಲ್ ಸಾಕು, ಡಿಸೈನ್ ಸಾಫ್ಟ್‌ವೇರ್ ಯಾಕೆ ಬೇಕು, ಅಲ್ವಾ? ಇಬ್ಬರೇ ಇರುವ ಕೆಲಸಕ್ಕೂ ಗುಂಪು ಮಾಡಿ. ಸುಮ್ನೆ ಜಾಸ್ತಿ ಅನ್ನಿಸಬಹುದು, ಆದರೆ ಆ ಇಬ್ಬರಲ್ಲಿ ಒಬ್ಬರು ಬಿಟ್ಟ ದಿನ ಅದರ ಬೆಲೆ ಗೊತ್ತಾಗುತ್ತದೆ. ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಮಾತು. ಅಲ್ಲಿ ಗ್ರೂಪ್ ಎಂದರೆ ಲೆಡ್ಜರ್‌ಗಳ ಗುಂಪು. ನಾನು ಹೇಳುತ್ತಿರುವುದು ಜನರ ಗುಂಪು.

ಇನ್ನು ಗುಂಪಿಗೆ ಲೈಸೆನ್ಸ್, ಅಂದರೆ ಸಾಫ್ಟ್‌ವೇರ್ ಬಳಸುವ ಹಕ್ಕು, ಜೋಡಿಸುವುದು. ಮೈಕ್ರೋಸಾಫ್ಟ್ 365 ಇದ್ದರೆ, ಖಾತೆಗಳನ್ನು ನೋಡಿಕೊಳ್ಳುವ ಅಡ್ಮಿನ್ ಸೆಂಟರ್ ಪುಟದಲ್ಲಿ ಬಿಲ್ಲಿಂಗ್, ಅದರೊಳಗೆ ಲೈಸೆನ್ಸಸ್ ತೆರೆಯಿರಿ. ನಿಮ್ಮ ಪ್ಲಾನ್ ಮೇಲೆ ಒತ್ತಿದರೆ ಗ್ರೂಪ್ಸ್ ಎಂಬ ಭಾಗ ಕಾಣುತ್ತದೆ. ಅಲ್ಲಿ ಗುಂಪು ಆರಿಸಿ ಲೈಸೆನ್ಸ್ ಕೊಡಿ. ಮುಂದೆ ಆ ಗುಂಪಿಗೆ ಸೇರಿಸಿದವರಿಗೆಲ್ಲ ಲೈಸೆನ್ಸ್ ತಾನಾಗಿ ಹೋಗುತ್ತದೆ, ತೆಗೆದರೆ ತಾನಾಗಿ ವಾಪಸ್ ಬರುತ್ತದೆ. ಈ ಸೌಲಭ್ಯ ಬಿಸಿನೆಸ್ ಪ್ರೀಮಿಯಂ ಪ್ಲಾನ್‌ನಲ್ಲಿದೆ, ಎಲ್ಲ ಪ್ಲಾನ್‌ಗಳಲ್ಲೂ ಇಲ್ಲ. ನಿಮ್ಮದರಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇಲ್ಲಿ ಎಡವುವ ಜಾಗಗಳು ಬಹಳ ಇವೆ. ಗುಂಪಿನೊಳಗೆ ಇನ್ನೊಂದು ಗುಂಪು ಇಟ್ಟರೆ ಒಳಗಿನವರಿಗೆ ಲೈಸೆನ್ಸ್ ಸಿಗುವುದಿಲ್ಲ. ನೇರವಾಗಿ ಸೇರಿಸಿದವರಿಗೆ ಮಾತ್ರ. ಪ್ರತಿಯೊಬ್ಬರ ಖಾತೆಯಲ್ಲೂ ದೇಶ ಭಾರತ ಎಂದು ತುಂಬಿಡಿ. ಗುಂಪಿನಲ್ಲಿ ಎಂಟು ಜನ, ಸೀಟು ಆರು ಇದ್ದರೆ ಇಬ್ಬರಿಗೆ ಲೈಸೆನ್ಸ್ ಸಿಗದೆ ತಪ್ಪು ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಲೈಸೆನ್ಸ್. ಮೊದಲೇ ಒಬ್ಬೊಬ್ಬರಿಗೂ ನೇರವಾಗಿ ಕೊಟ್ಟಿದ್ದರೆ, ಅವರನ್ನು ಗುಂಪಿನಿಂದ ತೆಗೆದರೂ ಅದು ಅವರ ಹತ್ತಿರವೇ ಉಳಿಯುತ್ತದೆ. ಹಾಗಂತ ಮೊದಲೇ ಅದನ್ನು ಕಿತ್ತುಹಾಕಬೇಡಿ, ಕೆಲಸ ನಿಂತುಬಿಡುತ್ತದೆ. ಗುಂಪಿಗೆ ಸೇರಿಸಿ, ಗುಂಪಿನ ಲೈಸೆನ್ಸ್ ಬಂದಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ನೇರವಾಗಿ ಕೊಟ್ಟಿದ್ದನ್ನು ತೆಗೆಯಿರಿ. ಒಬ್ಬರಿಗೆ ಎರಡೂ ಕಡೆಯಿಂದ ಬಂದಿದ್ದರೂ ಲೆಕ್ಕಕ್ಕೆ ಹಿಡಿಯುವುದು ಒಂದೇ ಸೀಟು, ಆದ್ದರಿಂದ ನಷ್ಟ ಇಲ್ಲ.

ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಸಿಬ್ಬಂದಿಯನ್ನು ವಿಭಾಗಗಳಾಗಿ ಮಾಡಿ, ವಿಭಾಗಕ್ಕೆ ಲೈಸೆನ್ಸ್ ತಾನಾಗಿ ಹೋಗುವ ಹಾಗೆ ಇಡಬಹುದು. ಗುಂಪು ಸೌಲಭ್ಯವೇ ಇಲ್ಲದ ಸಣ್ಣ ಸಾಫ್ಟ್‌ವೇರ್ ಆದರೆ ಬೇಜಾರು ಬೇಡ. ನೀವು ಬರೆದ ಪಟ್ಟಿಯೇ ಗುಂಪು. ಅದನ್ನು ನೋಡಿಕೊಂಡೇ ಕೈಯಿಂದ ಕೊಡಿ, ಕೈಯಿಂದ ತೆಗೆಯಿರಿ.

ನಮ್ಮ ಕಡೆ ಸೀಸನ್ ಗುಂಪು ತುಂಬಾ ಮುಖ್ಯ. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ, ಜನವರಿ ಹೊತ್ತಿಗೆ ರೋಬಸ್ಟಾ ಬರುತ್ತದೆ. ಆ ತಿಂಗಳುಗಳಲ್ಲಿ ತೂಕ, ಬಟವಾಡೆ, ಲೋಡ್ ಲೆಕ್ಕ ಬರೆಯಲು ಹೆಚ್ಚಿನ ಜನ ಬೇಕು. ಅವರನ್ನು ಒಂದೇ ಗುಂಪಿಗೆ ಹಾಕಿ, ಕುಯ್ಲು ಮುಗಿದ ವಾರ ಎಲ್ಲರನ್ನೂ ತೆಗೆಯಿರಿ. ಆದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಗುಂಪಿನಿಂದ ತೆಗೆದ ಮಾತ್ರಕ್ಕೆ ಬಿಲ್ಲು ಇಳಿಯುವುದಿಲ್ಲ. ಸೀಟು ಖಾಲಿಯಾಗುತ್ತದೆ, ಅಷ್ಟೇ. ಸೀಟಿನ ಸಂಖ್ಯೆಯನ್ನೇ ಕಡಿಮೆ ಮಾಡಿದರೆ ಮಾತ್ರ ದುಡ್ಡು ಉಳಿಯುತ್ತದೆ. ವಾರ್ಷಿಕ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಮಧ್ಯದಲ್ಲಿ ಸೀಟು ಇಳಿಸಲು ಬಿಡುವುದಿಲ್ಲ. ಆದ್ದರಿಂದ ವರ್ಷಪೂರ್ತಿ ಇರುವವರಿಗೆ ವಾರ್ಷಿಕ ಪ್ಲಾನ್, ಸೀಸನ್‌ನವರಿಗೆ ತಿಂಗಳ ಪ್ಲಾನ್ ತೆಗೆದುಕೊಳ್ಳಿ. ತಿಂಗಳಿನದ್ದು ಸ್ವಲ್ಪ ದುಬಾರಿ, ಆದರೂ ನಾಲ್ಕು ತಿಂಗಳ ಕೆಲಸಕ್ಕೆ ಹನ್ನೆರಡು ತಿಂಗಳ ದುಡ್ಡು ಕಟ್ಟುವುದಕ್ಕಿಂತ ವಾಸಿ.

ಯಾರಾದರೂ ಕೆಲಸ ಬಿಟ್ಟಾಗ ಅವಸರ ಬೇಡ, ಕ್ರಮ ಬೇಕು. ಮೊದಲು ಲಾಗಿನ್ ನಿಲ್ಲಿಸಿ. ಆಮೇಲೆ ಅವರ ಫೈಲು, ಮೇಲ್‌ಗಳನ್ನು ಮುಂದಿನವರಿಗೆ ದಾಟಿಸಿ. ಕೊನೆಗೆ ಗುಂಪಿನಿಂದ ತೆಗೆಯಿರಿ. ಮೈಕ್ರೋಸಾಫ್ಟ್‌ನಲ್ಲಿ ಲೈಸೆನ್ಸ್ ಹೋದ ಮೇಲೆ ಮೇಲ್ ಪೆಟ್ಟಿಗೆ 30 ದಿನ ಉಳಿಯುತ್ತದೆ. ಗೂಗಲ್‌ನಲ್ಲಿ ಅಳಿಸಿದ ಖಾತೆಯನ್ನು 20 ದಿನದೊಳಗೆ ವಾಪಸ್ ತರಬಹುದು. ಅದು ದಾಟಿದರೆ ಕಾಫಿ ಕೊಂಡವರ ಹಳೇ ಮೇಲ್‌ಗಳೂ ಹೋದಂತೆ.

ಅಡ್ಮಿನ್ ಇಬ್ಬರಿರಲಿ. ಮಾಲೀಕರೊಬ್ಬರೇ ಅಡ್ಮಿನ್ ಆಗಿ, ಅವರು ಸಿಗ್ನಲ್ ಸಿಗದ ತೋಟದಲ್ಲಿದ್ದರೆ ಇಲ್ಲಿ ಎಲ್ಲರೂ ಕಾಯಬೇಕು. ಒಟಿಪಿ ಮೆಸೇಜ್ ನಂಬಿದರೂ ಅದೇ ಕಥೆ. ಅದರ ಬದಲು ಇಬ್ಬರ ಫೋನಿನಲ್ಲೂ ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ. ಅದರ ಆರು ಅಂಕಿಯ ಕೋಡ್‌ಗೆ ನೆಟ್‌ವರ್ಕ್ ಬೇಕಿಲ್ಲ.

ಪ್ರತಿ ಚಂದಾದ ನವೀಕರಣಕ್ಕೆ ಹದಿನೈದು ದಿನ ಮುಂಚೆ ಫೋನಿನಲ್ಲಿ ಅಲಾರಂ ಇಡಿ. ಅವತ್ತು ಗುಂಪಿನಲ್ಲಿ ಎಷ್ಟು ಜನ ಇದ್ದಾರೆ, ನಾವು ಎಷ್ಟು ಸೀಟಿಗೆ ಕಟ್ಟುತ್ತಿದ್ದೇವೆ ಎಂದು ಎರಡು ಸಂಖ್ಯೆ ಪಕ್ಕಪಕ್ಕ ಬರೆದು, ಮಾಲೀಕರ ಮೇಜಿನ ಮೇಲೆ ಇಡಿ.